ಉತ್ಸವಕ್ಕೂ ಮೊದಲು ತಿರುಗಾಟ

ನಾಟಕೋತ್ಸವ ಮಾಡಬೇಕೆಂಬ ಹುಮ್ಮಸ್ಸು ಈಗ ಸಣ್ಣ ಊರುಗಳಲ್ಲೂ ಕಾಣುತ್ತಿದೆ. ಐದು ದಿನ, ಐದು ನಾಟಕ, ಜೊತೆಗೊಂದು ವಿಚಾರ ಸಂಕಿರಣ ಎಂದು ಪಟ್ಟಿ ಹಿಡಿದು ಬರುವ ಗೆಳೆಯರಿಗೆ ನಾನು ಕೊಡುವ ಸಲಹೆ ಒಂದೇ: ಮೊದಲು ನೀನಾಸಂ ತಿರುಗಾಟವನ್ನು ನಿಮ್ಮೂರಿಗೆ ಕರೆಸಿ.

ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ಶುರುಮಾಡಿತು. ತಿರುಗಾಟ ಎಷ್ಟೋ ನಟನಟಿಯರನ್ನು ಕೊಟ್ಟಿತೆಂದು ಎಲ್ಲರೂ ಹೇಳುತ್ತಾರೆ. ಅದು ಊರೂರಲ್ಲಿ ಸಂಘಟಕರನ್ನೂ ತಯಾರು ಮಾಡಿತು ಎಂಬುದನ್ನು ನಾವು ಸಾಕಷ್ಟು ಹೇಳಿಲ್ಲ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಈ ವ್ಯವಸ್ಥೆಯಲ್ಲಿ ತಂಡ ನಾಟಕ ಹೊತ್ತು ತರುತ್ತದೆ; ರಂಗಮಂದಿರ, ಊಟ, ವಸತಿ, ಪ್ರೇಕ್ಷಕರು ಕರೆಸಿದವರ ಹೊಣೆ. ಕಲಿಯಬೇಕಾದದ್ದೆಲ್ಲ ಆ ಹೊಣೆಯೊಳಗೇ ಇದೆ.

ಲಾರಿ ಬಂದ ಗಳಿಗೆಯಿಂದ ಮೂರನೇ ಬೆಲ್ ಹೊಡೆಯುವವರೆಗೆ ರಂಗದ ಪಕ್ಕದಲ್ಲೇ ನಿಂತು ನೋಡಿ. ಸೆಟ್ ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ? ದೀಪ ಕಟ್ಟಲು ಮೇಲೆ ಗಟ್ಟಿ ಪೈಪು ಇದೆಯೇ? ಸಾವಿರ ವಾಟಿನ ಇಪ್ಪತ್ತು ದೀಪ ಒಟ್ಟಿಗೆ ಉರಿದರೆ ಇಪ್ಪತ್ತು ಕಿಲೋವಾಟ್ ಬೇಕು; ಸಿಂಗಲ್ ಫೇಸ್ ಸಂಪರ್ಕ ಅದನ್ನು ತಾಳುವುದಿಲ್ಲ. ಇದು ಗೊತ್ತಿರುವ ಸಂಘಟಕ ಸಭಾಂಗಣ ಗೊತ್ತುಮಾಡುವ ಮುಂಚೆಯೇ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಹೋಗುತ್ತಾನೆ. ಬಣ್ಣ ಹಚ್ಚಿಕೊಳ್ಳಲು ಕನ್ನಡಿ, ಬೆಳಕು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆ, ಹತ್ತಿರದಲ್ಲೇ ಶುಚಿಯಾದ ಶೌಚಾಲಯ: ಇಷ್ಟನ್ನು ಕೊಡಲಾಗದ ಊರು ಶಾಲು ಹೊದಿಸಿದ ಮಾತ್ರಕ್ಕೆ ಕಲಾವಿದರನ್ನು ಗೌರವಿಸಿದಂತಾಗದು.

ಒಂದು ತಂಡವನ್ನು ಸಂಭಾಳಿಸಿದ ಮೇಲೆ ಉತ್ಸವದ ನಿಜವಾದ ಕಷ್ಟ ಅರ್ಥವಾಗುತ್ತದೆ. ಅಲ್ಲಿ ಇಂದಿನ ತಂಡ ಸೆಟ್ ಬಿಚ್ಚುವಾಗಲೇ ನಾಳೆಯ ತಂಡದ ಲಾರಿ ಬಂದು ನಿಂತಿರುತ್ತದೆ. ಬೆಳಕಿನವನಿಗೆ ದೀಪಗಳನ್ನು ಹೊಸದಾಗಿ ಫೋಕಸ್ ಮಾಡಲು ಹೊತ್ತು ಬೇಕು, ನಟರಿಗೆ ಹೊಸ ರಂಗದ ಮೇಲೆ ಒಮ್ಮೆ ನಡೆದಾಡಿ ಅಳತೆ ತಿಳಿಯಬೇಕು, ಸಂಗೀತದವರಿಗೆ ಮೈಕು ಪರೀಕ್ಷಿಸಬೇಕು. ಆಹ್ವಾನ ಪತ್ರಿಕೆಯಲ್ಲಿ ಕಾಣಿಸದ ಈ ವೇಳಾಪಟ್ಟಿಯನ್ನು ಬರೆಯುವುದೇ ಉತ್ಸವ ನಡೆಸುವವರ ಕಲೆ ಎಂದು ನಾನು ನಂಬಿದ್ದೇನೆ. ಮೈಸೂರಿನ ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಹೋದರೆ ಇದನ್ನು ಕಣ್ಣಾರೆ ಕಾಣಬಹುದು. ಭೂಮಿಗೀತ, ವನರಂಗ, ಕಲಾಮಂದಿರ, ಕಿರುರಂಗಮಂದಿರ ಒಂದೇ ಆವರಣದಲ್ಲಿವೆ. ಒಂದು ಕಡೆ ಪ್ರದರ್ಶನ ನಡೆದಾಗ ಇನ್ನೊಂದು ಕಡೆ ತಯಾರಿ ಮಾಡಿಕೊಳ್ಳಬಹುದು; ಜನರೂ ನಡೆದೇ ಓಡಾಡಬಹುದು. ವನರಂಗದಂಥ ಬಯಲು ವೇದಿಕೆಯಾದರೆ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆರೂವರೆಯ ನಾಟಕ ಎಂಟಕ್ಕೆ ಶುರುವಾದರೆ ಕೊನೆಯ ದೃಶ್ಯಕ್ಕೇ ಪೆಟ್ಟು.

ತಡವಾಗುವುದು ಬಹುಮಟ್ಟಿಗೆ ಉದ್ಘಾಟನೆಯಿಂದ. ಸ್ವಾಗತ, ಪ್ರಾಸ್ತಾವಿಕ, ಐದು ಜನ ಅತಿಥಿಗಳು, ನೆನಪಿನ ಕಾಣಿಕೆ, ವಂದನಾರ್ಪಣೆ. ಅಷ್ಟು ಹೊತ್ತೂ ಪರದೆಯ ಹಿಂದೆ ಬಣ್ಣ ಹಚ್ಚಿದ ಮುಖಗಳು ಬೆವರುತ್ತಿರುತ್ತವೆ. ಇದು ಕಲೆಗೆ ಮಾಡುವ ಅನ್ಯಾಯ. ಬೆಂಗಳೂರಿನ ರಂಗಶಂಕರ 2004ರಲ್ಲಿ ಬಾಗಿಲು ತೆರೆದಂದಿನಿಂದ ಹೊತ್ತಿಗೆ ಸರಿಯಾಗಿ ನಾಟಕ ಶುರುಮಾಡುವುದನ್ನು, ತಡವಾಗಿ ಬಂದವರನ್ನು ಒಳಗೆ ಬಿಡದಿರುವುದನ್ನು ವ್ರತದಂತೆ ನಡೆಸಿಕೊಂಡು ಬಂದಿದೆ. ಪ್ರೇಕ್ಷಕರು ಅದಕ್ಕೆ ಒಗ್ಗಿಕೊಂಡರು. ನಮ್ಮೂರ ಜನ ಒಗ್ಗಲಾರರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಭೆ ಬೇಕೇ ಬೇಕೆಂದರೆ ಬೆಳಿಗ್ಗೆ ಇಟ್ಟುಕೊಳ್ಳಲಿ.

ಹಣದ ಬಗ್ಗೆಯೂ ಒಂದು ಮಾತು. ಪ್ರಾಯೋಜಕರು ಸಿಕ್ಕರೂ ಟಿಕೆಟ್ ಇಡಿ, ಐವತ್ತು ರೂಪಾಯಿಯದ್ದಾದರೂ ಸರಿ. ಮನೆಮನೆಗೆ ಹೋಗಿ ಮಾರಿ. ಊರಿನಲ್ಲಿ ಯಾರಿಗೆ ನಾಟಕದ ಹಂಬಲವಿದೆ, ಯಾರು ಕೊನೆಯ ಬಸ್ಸಿಗೆ ಹೆದರಿ ಬರುವುದಿಲ್ಲ ಎಂಬುದು ಗೊತ್ತಾಗುವುದು ಆ ಓಡಾಟದಲ್ಲಿ. ತಂಡದ ಸಂಭಾವನೆಯನ್ನು ಲಾರಿ ಹೊರಡುವ ಮುಂಚೆಯೇ ಕೈಗಿಡಿ. ನಾಟಕಕಾರರ ಅನುಮತಿ, ಗೌರವಧನ ಸಂದಿದೆಯೇ ಎಂದೂ ವಿಚಾರಿಸಿಕೊಳ್ಳಿ.

ಉತ್ಸವದ ಕನಸಿರುವ ಗೆಳೆಯರೇ, ಈ ವರ್ಷ ತಿರುಗಾಟವನ್ನು ಮಾತ್ರ ಕರೆಸಿ, ಚೆನ್ನಾಗಿ ನಡೆಸಿಕೊಡಿ. ಐದು ದಿನದ ಪಟ್ಟಿಯನ್ನು ಮುಂದಿನ ವರ್ಷ ತೆಗೆಯೋಣ.