ಮುದ್ದೆ ಹೊಗಳಿ ಸಾರು ಮರೆತರು

ಸಿರಿಧಾನ್ಯದ ಹೊಗಳಿಕೆಗೆ ಈಗ ಬರವಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಮೇಳಗಳಾದವು, ರಾಗಿ ಬಿಸ್ಕತ್ತು ಬಂತು. ಧಾನ್ಯದ ಗುಣದ ಬಗ್ಗೆ ನನ್ನ ತಕರಾರಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಊಟದ ಸತ್ವವನ್ನೆಲ್ಲ ಒಂದೇ ಕಾಳಿನ ತಲೆಗೆ ಕಟ್ಟುವುದು ಸರಿಯಲ್ಲ.

ಕೋಲಾರ, ತುಮಕೂರು ಕಡೆಯ ಮಳೆಯಾಶ್ರಿತ ಹೊಲದಲ್ಲಿ ಹಿಂದೆ ರಾಗಿ ಒಂಟಿಯಾಗಿ ಬೆಳೆಯುತ್ತಿದ್ದದ್ದು ಕಡಿಮೆ. ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ, ಅಂದರೆ ಮಿಶ್ರಬೆಳೆಯ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ಹುಚ್ಚೆಳ್ಳಿನ ಹಳದಿ ಹೂವಿಗೆ ಬಂದ ಜೇನು ತೊಗರಿಗೂ ಹಾಯುತ್ತಿತ್ತು. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಅವರೆ ಇಬ್ಬನಿ ಕುಡಿದು ಸೊಗಡು ಕಟ್ಟುತ್ತಿತ್ತು. ಕಳೆ ಕೀಳಲು ಹೋದ ಹೆಂಗಸರ ಮಡಿಲಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ ಮನೆಗೆ ಬಂದು ಬೆರಕೆಸೊಪ್ಪಿನ ಸಾರಾಗುತ್ತಿದ್ದವು. ರಾಗಿಯಲ್ಲಿ ಕಡಿಮೆ ಇರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಅವರೆಕಾಳು ತುಂಬಿಕೊಡುತ್ತದೆ. ರಾಗಿಯ ಕಬ್ಬಿಣಾಂಶ ಕಾಳಿನಲ್ಲೇ ಇರುವ ಫೈಟೇಟಿಗೆ ಸಿಕ್ಕಿ ಮೈಗೆ ಪೂರ್ತಿ ದಕ್ಕುವುದಿಲ್ಲ. ಮೊಳಕೆ ಕಟ್ಟಿದರೆ, ಸಾರಿಗೆ ನಿಂಬೆ ಹಿಂಡಿದರೆ ಒಂದಿಷ್ಟು ಬಿಡುಗಡೆ. ಆದರೆ ಕಳೆನಾಶಕ ಹೊಡೆದ ಹೊಲದಲ್ಲಿ ಸಾರಿನ ಆ ಬೆರಕೆಸೊಪ್ಪೇ ಏಳುವುದಿಲ್ಲ.

ಹಾಗೆಂದು ಅಕ್ಕಡಿಯ ಕಾಲದಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡರು ಎನ್ನಲಾರೆ. ಹೊಲವಿಲ್ಲದವರ ಪಾಲಿಗೆ ಆ ವೈವಿಧ್ಯ ಬೇರೆಯವರ ಬದುವಿನ ಸೊಪ್ಪಿಗೇ ಮುಗಿಯುತ್ತಿತ್ತು. ಅಕ್ಕಡಿ ಸಾಲಿನ ನಡುವೆ ಕೊಯ್ಲು ಯಂತ್ರ ಓಡುವುದಿಲ್ಲ, ಆಳಿನ ಕೂಲಿಯೋ ಕೇಳುವಂತಿಲ್ಲ. ರೈತ ಅದನ್ನು ಕೈಬಿಟ್ಟದ್ದು ಸೋಮಾರಿತನದಿಂದಲ್ಲ.

ಕೈಬಿಟ್ಟವನನ್ನು ಸರ್ಕಾರ ಇನ್ನಷ್ಟು ಆಚೆ ತಳ್ಳಿತು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಳ್ಳೆಯದೇ. ಆದರೆ ಅವರೆ, ಅಲಸಂದೆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಹುಚ್ಚೆಳ್ಳು ಪಟ್ಟಿಯಲ್ಲಿದ್ದರೂ ಮನೆಗೊಂದಿಷ್ಟು ಸೇರು ಬೆಳೆಯುವವರು ಖರೀದಿ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಾರೆಯೇ? ಬೆಲೆ ಸಿಗುವ ಒಂದೇ ಬೆಳೆ ಹೊಲವನ್ನೆಲ್ಲ ಆವರಿಸುತ್ತದೆ. ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡಲು ಹೊರಟ ರೈತಸಿರಿ ಯೋಜನೆಯೂ ಅಳೆದದ್ದು ವಿಸ್ತೀರ್ಣವನ್ನು. ಹೊಲದಲ್ಲಿ ಎಷ್ಟು ಬಗೆಯ ಬೆಳೆಯಿದೆ ಎಂದು ನೋಡಿ ಹಣ ಕೊಡಲು ಅಡ್ಡಿಯೇನು? ಅಂಗನವಾಡಿಯ ಸಾರಿಗೆ ಆ ಊರಿನ ಅವರೆಯನ್ನೇ, ಸುಗ್ಗಿಯ ಬೆಲೆ ಕುಸಿಯುವ ಮೊದಲೇ, ಕೊಳ್ಳಬಹುದು. ಇದಕ್ಕೆ ಖರ್ಚು ಹೆಚ್ಚಾದರೂ ಆಗಲಿ.