ಕಿಶೋರ ಕಾದಂಬರಿಗಳ ನಾಯಿಕೆ: ಬಿಲ್ಲು ಮತ್ತು ನುಡಿ

ಅಮೆರಿಕದ ಇತ್ತೀಚಿನ ಕಿಶೋರ ಕಾದಂಬರಿಗಳಲ್ಲಿ ಹದಿಹರೆಯದ ಹುಡುಗಿಯೇ ನಾಯಿಕೆಯಾಗಿ, ತನ್ನ ಕಥೆಯನ್ನು ತಾನೇ ನಿರೂಪಿಸುವುದು ವಾಡಿಕೆಯಾಗಿದೆ. ಈ ನಾಯಿಕೆಯರ ಧೈರ್ಯವನ್ನು ವಿಮರ್ಶಕರು ಮೆಚ್ಚಿರುವುದುಂಟು. ಆ ಧೈರ್ಯದ ಸ್ವರೂಪವೆಂತಹುದೆಂಬುದು ಮಾತ್ರ ವಿಚಾರಾರ್ಹ.

ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯ ಕ್ಯಾಟ್‌ನಿಸ್, ತಂಗಿಗೆ ಬದಲಾಗಿ ತಾನೇ ಮರಣಕ್ರೀಡೆಗೆ ಹೊರಡುತ್ತಾಳೆ. ಆಕೆಯ ಬಿಲ್ಗಾರಿಕೆ ಓದುಗನನ್ನು ಬೆರಗುಗೊಳಿಸುವುದು ನಿಜ. ಆದರೆ ಕೃತಿಯ ಸತ್ತ್ವವಿರುವುದು, ರೂ ಎಂಬ 12 ವರ್ಷದ ಬಾಲೆಯ ಶವವನ್ನು ಆಕೆ ಹೂಗಳಿಂದ ಅಲಂಕರಿಸುವ ಎಡೆಯಲ್ಲಿ. ಪ್ರಭುತ್ವವು ಎದುರಾಳಿಯೆಂದು ಗೊತ್ತುಮಾಡಿದವಳಿಗಾಗಿ ಆಕೆ ಶೋಕಿಸುತ್ತಾಳೆ. ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ತ್ಯಾಗಕ್ಕೂ ಶೌರ್ಯಕ್ಕೂ ಇರುವ ನಂಟನ್ನು ಮುಟ್ಟಿದರೂ, ಓಡುವ ರೈಲಿನಿಂದ ಧುಮುಕುವಂತಹ ಸಾಹಸಗಳ ಭರದಲ್ಲಿ ಅದನ್ನು ಆಳವಾಗಿ ಶೋಧಿಸುವುದಿಲ್ಲ.

ಆಂಜಿ ಥಾಮಸ್ ಅವರ ‘ದಿ ಹೇಟ್ ಯು ಗಿವ್’ (2017) ಕಾದಂಬರಿಯ ನಾಯಿಕೆಗೆ ಬಿಲ್ಲೂ ಇಲ್ಲ, ಬಂದೂಕೂ ಇಲ್ಲ. ನಿರಾಯುಧನಾದ ಗೆಳೆಯ ಖಲೀಲ್ ಪೊಲೀಸನ ಗುಂಡಿಗೆ ಬಲಿಯಾದುದನ್ನು ಕಣ್ಣಾರೆ ಕಂಡವಳು ಸ್ಟಾರ್. ಕಪ್ಪು ಜನರ ತನ್ನ ಕೇರಿಯಲ್ಲೊಂದು, ಬಿಳಿಯರೇ ಹೆಚ್ಚಾಗಿರುವ ಶಾಲೆಯಲ್ಲೊಂದು ಬಗೆಯ ನುಡಿಯನ್ನಾಡುತ್ತ ಬಾಳುವ ಆಕೆ, ಕಡೆಗೆ ಭಯವನ್ನು ಮೀರಿ ಸಾಕ್ಷ್ಯ ನುಡಿಯುತ್ತಾಳೆ. ನ್ಯಾಯ ದೊರೆಯುವುದಿಲ್ಲ, ಆದರೂ ಆಕೆ ಮೌನಕ್ಕೆ ಮರಳುವುದಿಲ್ಲ. ಗೆಲುವಿನ ಆಸರೆಯಿಲ್ಲದೆ ನಿಲ್ಲಬಲ್ಲ ಈ ಧೈರ್ಯವನ್ನು ಚಿತ್ರಿಸಿರುವುದರಿಂದಲೇ ಮೂರರಲ್ಲಿ ಇದು ಪ್ರೌಢತರವಾದ ಕೃತಿಯೆನ್ನಬೇಕು.