ಷಿಕಾಗೋ ನಗರದ ಮಾಂಸಪರೀಕ್ಷಕರೂ ಸಿಂಕ್ಲೇರನ ಕಾದಂಬರಿಯೂ

ಅಮೆರಿಕದ ಅಪ್ಟನ್ ಸಿಂಕ್ಲೇರನು 1904ರಲ್ಲಿ ಷಿಕಾಗೋ ನಗರದ ಕಸಾಯಿಕೇರಿಯಲ್ಲಿ ಏಳು ವಾರವಿದ್ದು ಕಂಡುದನ್ನು ಆಧರಿಸಿ ಬರೆದ ‘ದಿ ಜಂಗಲ್’ ಎಂಬ ಕಾದಂಬರಿಯು 1906ರಲ್ಲಿ ಪುಸ್ತಕರೂಪವಾಗಿ ಹೊರಬಿದ್ದಿತು. ಲಿಥುಯೇನಿಯದಿಂದ ವಲಸೆಬಂದ ಕೂಲಿಕಾರ ಯೂರ್ಗಿಸನ ಸಂಸಾರವು ಹಾಳಾದುದೇ ಅದರ ವಸ್ತು. ಕವಿಯು ಉದ್ದೇಶಿಸಿದ ಪ್ರಧಾನರಸವು ಕರುಣ. ಓದಿದವರಲ್ಲಿ ನಿಂತುದು ಬೀಭತ್ಸ. ಓದುಗರಿಗೆ ತಮ್ಮ ಊಟದ ಚಿಂತೆಯೇ ದೊಡ್ಡದಾಯಿತೆಂದು ಹೇಳಿಬಿಡುವುದು ಸುಲಭ. ದೋಷವು ಕೃತಿಯಲ್ಲಿಯೂ ಉಂಟು; ಪರೀಕ್ಷಕರ ಚಿತ್ರಣದಲ್ಲಿ ಅದು ವ್ಯಕ್ತವಾಗುತ್ತದೆ.

ಮೂರನೆಯ ಅಧ್ಯಾಯದಲ್ಲಿ ಕೇಂದ್ರಸರ್ಕಾರದ ಪರೀಕ್ಷಕನೊಬ್ಬನು ಬಾಗಿಲಲ್ಲಿ ಕುಳಿತು, ಕೊಂದು ತೂಗುಹಾಕಿದ ಹಂದಿಗಳ ಕೊರಳಗ್ರಂಥಿಗಳನ್ನು ಮುಟ್ಟಿ ಕ್ಷಯವುಂಟೋ ಎಂದು ನೋಡುತ್ತಾನೆ. ನೀಲಿ ಉಡುಪು, ಹಿತ್ತಾಳೆಯ ಗುಂಡಿ, ಸೌಜನ್ಯದ ಮಾತು. ರೋಗಮಾಂಸದ ಅಪಾಯವನ್ನು ನೋಡಬಂದವರಿಗೆ ಆತನು ವಿವರಿಸುತ್ತಿರುವಾಗಲೇ ಹನ್ನೆರಡು ಹಂದಿಗಳು ಅವನ ಕೈ ಸೋಕದೆ ಮುಂದೆ ಸಾಗುತ್ತವೆ. ಕೋಪದ ಒಂದು ನುಡಿಯೂ ಇಲ್ಲ. ವ್ಯಂಜನೆಯೇ ಎಲ್ಲವನ್ನೂ ನಡೆಸಿದೆ. ಗ್ರಂಥದಲ್ಲಿ ಇಂತಹ ಸ್ಥಳಗಳು ವಿರಳ.

ಒಂಬತ್ತನೆಯ ಅಧ್ಯಾಯದಲ್ಲಿ ನಗರದ ಪರೀಕ್ಷಕನೊಬ್ಬನ ಸಂಗತಿ ಬರುತ್ತದೆ. ವೈದ್ಯನಾದ ಆತನು, ಕ್ಷಯದೂಷಿತವೆಂದು ತಿರಸ್ಕೃತವಾದ ಮಾಂಸವು ಊರೊಳಗೇ ಮಾರಾಟವಾಗುವುದನ್ನು ಕಂಡು, ಯಾರೂ ತಿನ್ನದಂತೆ ಅದಕ್ಕೆ ಸೀಮೆಯೆಣ್ಣೆಯನ್ನು ಚುಚ್ಚಿ ತುಂಬಬೇಕೆಂದು ಹಟಹಿಡಿದನು. ಆ ವಾರವೇ ರಾಜೀನಾಮೆಗೆ ಆಜ್ಞೆಯಾಯಿತು. ವ್ಯಾಪಾರಿಗಳ ಒತ್ತಾಯದಿಂದ ನಗರದ ಪರೀಕ್ಷಾ ಶಾಖೆಯೇ ರದ್ದಾಯಿತು. ಕರುಣಕ್ಕೆ ಇದಕ್ಕಿಂತ ತಕ್ಕ ಆಲಂಬನವೆಲ್ಲಿ? ಸಿಂಕ್ಲೇರನಾದರೋ ಇದನ್ನು ಕೆಲವೇ ವಾಕ್ಯಗಳ ವರದಿಯಾಗಿ ಮುಗಿಸಿ ಹೊಲಸಿನ ಪಟ್ಟಿಗೆ ಹಿಂದಿರುಗುತ್ತಾನೆ. ಉದಾಸೀನನಿಗೆ ಉಡುಪಿನ ಗುಂಡಿಯವರೆಗೂ ವರ್ಣನೆ. ಪ್ರಾಮಾಣಿಕನಿಗೆ ಹೆಸರೂ ಇಲ್ಲ, ಮುಖವೂ ಇಲ್ಲ.

1906ರ ಜೂನ್ 30ರಂದು ಮಾಂಸಪರೀಕ್ಷೆಯ ಕಾಯಿದೆಯು ಜಾರಿಗೆ ಸಹಿಯಾಯಿತು. ಯೂರ್ಗಿಸನಂತಹವರ ಕೂಲಿಯ ಮಾತು ಅದರಲ್ಲಿ ಬರಲಿಲ್ಲ.